ಮಲೆನಾಡಿನ ಮನೆಯಲ್ಲಿ ಮ್ಯೂಯಾನ್ ಶೋಧಕ: ಕಟ್ಟುವುದು, ಪರೀಕ್ಷಿಸುವುದು, ಅದರ ತರ್ಕವನ್ನು ಲ್ಯಾಮ್ಡಾ ಕ್ಯಾಲ್ಕುಲಸ್‌ನಲ್ಲಿ ಬಿಡಿಸುವುದು

ಕಣ ಶೋಧಕಕ್ಕೆ ಒಂದು ಕೆಟ್ಟ ಗುಣವಿದೆ: ಕೆಟ್ಟಿದ್ದರೂ ಅದು ಎಣಿಕೆ ಕೊಡುತ್ತಲೇ ಇರುತ್ತದೆ. ಬೆಳಕು ಸೋರಿದರೆ ಎಣಿಕೆ, ತೇವ ಹಿಡಿದರೆ ಎಣಿಕೆ, ಪಕ್ಕದ ಕೋಣೆಯಲ್ಲಿ ಯುಪಿಎಸ್ ಟಕ್ ಎಂದರೂ ಎಣಿಕೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕಟ್ಟುವ ಭಾಗಕ್ಕಿಂತ ಪರೀಕ್ಷಿಸುವ ಭಾಗವೇ ಉದ್ದ. ನಡುವೆ ಲ್ಯಾಮ್ಡಾ ಕ್ಯಾಲ್ಕುಲಸ್, ಅಂದರೆ ಫಂಕ್ಷನ್‌ಗಳನ್ನಷ್ಟೇ ಬಳಸಿ ಲೆಕ್ಕ ಬಿಡಿಸುವ ಗಣಿತ ಪದ್ಧತಿ, ಬರುತ್ತದೆ. ಅದು ಅಲಂಕಾರಕ್ಕಲ್ಲ. ಯಾವ ಚಿಪ್ ಮೊದಲು, ಯಾವುದು ನಂತರ ಎಂಬುದನ್ನು ಅಲ್ಲಿಯ ಬೀಜಗಣಿತವೇ ತೀರ್ಮಾನಿಸುತ್ತದೆ.

ಬೆಸುಗೆ ಹಾಕಲು, ಆಸಿಲೋಸ್ಕೋಪ್ ಓದಲು ಬಂದರೆ ಸಾಕು. ಸ್ಕೋಪ್ 100 ಮೆಗಾಹರ್ಟ್ಸ್‌ನದ್ದಾಗಿರಲಿ. ಸ್ವಂತದ್ದು ಇಲ್ಲದಿದ್ದರೆ ಶಿವಮೊಗ್ಗದ ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಎರಡು ಮಧ್ಯಾಹ್ನ ಕೇಳಿ ಪಡೆಯಿರಿ. ಉಳಿದ ಕೆಲಸ ಮನೆಯ ಮೇಜಿನ ಮೇಲೆ ಆಗುತ್ತದೆ.

ಏನನ್ನು ಎಣಿಸುತ್ತೇವೆ

ಬಾಹ್ಯಾಕಾಶದಿಂದ ಬರುವ ಪ್ರೋಟಾನ್‌ಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಪಯಾನ್‌ಗಳು, ಅವು ಒಡೆದು ಮ್ಯೂಯಾನ್‌ಗಳು ಹುಟ್ಟುತ್ತವೆ. ಮ್ಯೂಯಾನ್ ಎಂದರೆ ಎಲೆಕ್ಟ್ರಾನಿನಂಥದ್ದೇ, ಆದರೆ ಅದಕ್ಕಿಂತ ಭಾರದ ಕಣ. ಸಮುದ್ರಮಟ್ಟದಲ್ಲಿ ಅಂಗೈಯಷ್ಟು ಮಟ್ಟಸ ಜಾಗದ ಮೇಲೆ, ಅಂದರೆ 100 ಚದರ ಸೆಂ.ಮೀ. ಮೇಲೆ, ನಿಮಿಷಕ್ಕೆ ಅಂದಾಜು 100 ಬೀಳುತ್ತವೆ. ನೇರ ಮೇಲಿಂದ ಬರುವುದು ಹೆಚ್ಚು, ಓರೆಯಾದಷ್ಟೂ ಕಡಿಮೆ. ನೇರ ಮೇಲಿನಿಂದ ಅಳೆದ ಕೋನದ ಕೊಸೈನ್ ವರ್ಗಕ್ಕೆ ಹತ್ತಿರದ ಪ್ರಮಾಣದಲ್ಲಿ ಎಣಿಕೆ ಇಳಿಯುತ್ತದೆ.

ವಿದೇಶಿ ಕೈಪಿಡಿಗಳ ಎಣಿಕೆಯೇ ಇಲ್ಲೂ ಬರಬೇಕೆಂದು ಹಟ ಹಿಡಿಯಬೇಡಿ. ಭೂಮಿಯ ಕಾಂತಕ್ಷೇತ್ರ ಸಮಭಾಜಕದ ಬಳಿ ಕಡಿಮೆ ಶಕ್ತಿಯ ಕಣಗಳನ್ನು ತಡೆದುಬಿಡುತ್ತದೆ. ದಕ್ಷಿಣ ಭಾರತದಲ್ಲಿ ಒಳಬರಲು ಬೇಕಾದ ಕನಿಷ್ಠ ಮಟ್ಟ ಸುಮಾರು 17 ಗಿಗಾವೋಲ್ಟ್, ಯೂರೋಪಿನಲ್ಲಿ ಇದರ ಕಾಲುಭಾಗದಷ್ಟೂ ಇಲ್ಲದ ಊರುಗಳಿವೆ. ಇದೇ ಕಾರಣಕ್ಕೆ ಬಾಹ್ಯಾಕಾಶದ ಕಣಗಳನ್ನು ಅಳೆಯುವ ಊಟಿಯ ಗ್ರೇಪ್ಸ್-3 ಪ್ರಯೋಗಕ್ಕೆ ತನ್ನದೇ ಆದ ಬೆಲೆ. ನಮ್ಮ ಕೆಜಿಎಫ್ ಗಣಿಯ ಆಳದಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೋ ಪತ್ತೆಯಾದದ್ದೂ ಮ್ಯೂಯಾನ್‌ಗಳನ್ನು ತಾಳ್ಮೆಯಿಂದ ಎಣಿಸಿಯೇ.

ಸಾಮಾನು

ಪ್ಲಾಸ್ಟಿಕ್ ಸಿಂಟಿಲೇಟರ್ (ಕಣ ದಾಟಿದಾಗ ಮಿನುಗುವ ಪ್ಲಾಸ್ಟಿಕ್) ತಟ್ಟೆ, 10×10 ಸೆಂ.ಮೀ., 1 ಸೆಂ.ಮೀ. ದಪ್ಪ: ಶುರುವಿಗೆ ಎರಡು, ದಕ್ಷತೆ ಅಳೆಯುವಾಗ ಮೂರನೆಯದು.
ಸಿಲಿಕಾನ್ ಫೋಟೊಮಲ್ಟಿಪ್ಲೈಯರ್ (ಒಂದೊಂದು ಫೋಟಾನನ್ನೂ ವಿದ್ಯುತ್ ಪಲ್ಸ್ ಮಾಡಬಲ್ಲ ಬೆಳಕಿನ ಸೆನ್ಸರ್, ಮುಂದೆ ಎಸ್ಐಪಿಎಂ), 6×6 ಮಿ.ಮೀ., ಬ್ರೇಕ್‌ಡೌನ್ (ಅದು ಪಲ್ಸ್ ಕೊಡಲು ಶುರುಮಾಡುವ ವೋಲ್ಟೇಜ್) ಸುಮಾರು 24.5 ವೋಲ್ಟ್: ತಟ್ಟೆಗೊಂದು.
28 ವೋಲ್ಟ್ ಕೊಡುವ, ಶಬ್ದ ಕಡಿಮೆಯಿರುವ ಬೂಸ್ಟ್ ಸರ್ಕ್ಯೂಟ್.
200 ಮೆಗಾಹರ್ಟ್ಸ್‌ಗೆ ಕಡಿಮೆಯಿಲ್ಲದ ಗೇನ್-ಬ್ಯಾಂಡ್‌ವಿಡ್ತ್ ಇರುವ ಆಪ್‌ಆಂಪ್, ±5 ವೋಲ್ಟ್ ಸರಬರಾಜಿನ ಮೇಲೆ.
ಟಿಎಲ್‌ವಿ3501 ಕಂಪೇರೇಟರ್ (ಪಲ್ಸ್ ನಾವಿಟ್ಟ ಮಟ್ಟವನ್ನು, ಅಂದರೆ ಥ್ರೆಶೋಲ್ಡನ್ನು, ದಾಟಿತೇ ಎಂದು ಹೇಳುವ ಚಿಪ್). ಎಲ್ಲೆಡೆ ಸಿಗುವ ಎಲ್‌ಎಂ311 ಬೇಡ, ಅದು 200 ನ್ಯಾನೋಸೆಕೆಂಡ್ ತಡಮಾಡುತ್ತದೆ.
74ಎಚ್‌ಸಿ123 ಮಾನೋಸ್ಟೇಬಲ್ (ಪಲ್ಸ್ ಬಂದಾಗ ನಿಗದಿತ ಅಗಲದ ಒಂದು ಪಲ್ಸ್ ಕೊಡುವ ಚಿಪ್), 74ಎಚ್‌ಸಿ08 ಆಂಡ್ ಗೇಟ್.
ಇಎಸ್‌ಪಿ32 ಬೋರ್ಡ್, ತಾಪಮಾನ ಮತ್ತು ವಾಯುಭಾರ ಓದುವ ಒಂದು ಸೆನ್ಸರ್.
ಕೊಳಾಯಿಯವರು ಸುತ್ತುವ ಬಿಳಿ ಟೆಫ್ಲಾನ್ ಟೇಪು, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ದಪ್ಪ ಕಪ್ಪು ಹಾಳೆ, ಕರಿ ಇನ್ಸುಲೇಷನ್ ಟೇಪು, ಸಿಲಿಕೋನ್ ಗ್ರೀಸ್, ಸಿಲಿಕಾ ಜೆಲ್ ಪೊಟ್ಟಣಗಳು, ಮುಚ್ಚಳ ಬಿಗಿಯಾಗಿ ಕೂರುವ ಚೌಕ ಸ್ಟೀಲ್ ಡಬ್ಬಿಗಳು.

ಕಪ್ಪು ಹಾಳೆಗೆ ಅಡಿಕೆ ಸಸಿಯ ಪಾಲಿಥೀನ್ ಚೀಲ ಕತ್ತರಿಸಿ ಬಳಸುವ ಆಸೆ ಬರುತ್ತದೆ. ಬೇಡ. ಅದನ್ನು ಬಿಸಿಲಿಗೆ ಹಿಡಿದು ನೋಡಿದರೆ ಕಾರಣ ಗೊತ್ತಾಗುತ್ತದೆ.

ತಟ್ಟೆ ಸಿದ್ಧ ಮಾಡುವುದು

ಕತ್ತರಿಸಿದ ಅಂಚು ಮಸುಕಾಗಿರುತ್ತದೆ, ಒಳಗಿನ ಬೆಳಕು ಅಲ್ಲೇ ಹಾಳಾಗುತ್ತದೆ. ನೀರು ಬಿಡುತ್ತಾ 400, 800, 1500, 2000 ನಂಬರಿನ ಮರಳು ಕಾಗದದಲ್ಲಿ ಕ್ರಮವಾಗಿ ಉಜ್ಜಿ. ಒಂದು ಕಾಗದದ ಗೀರು ಪೂರ್ತಿ ಹೋಗುವ ತನಕ ಮುಂದಿನದಕ್ಕೆ ಹೋಗಬೇಡಿ. ಕೊನೆಗೆ ಮೆತ್ತನೆ ಬಟ್ಟೆಯಲ್ಲಿ ಪಾಲಿಷ್. ಒಣಗಿಸಿ ಉಜ್ಜಿದರೆ ಪ್ಲಾಸ್ಟಿಕ್ ಕಾದು ಕರಗುತ್ತದೆ. ಶುಚಿಮಾಡಲು ಸೋಪು ನೀರು ಸಾಕು. ಅಸಿಟೋನ್, ಥಿನ್ನರ್ ತಾಗಿದರೆ ಮೈತುಂಬ ಕೂದಲೆಳೆ ಬಿರುಕು ಏಳುತ್ತದೆ, ಆ ತಟ್ಟೆಯನ್ನು ಮತ್ತೆ ಸರಿಮಾಡಲಾಗದು. ಬೆರಳಿನ ಜಿಡ್ಡೂ ನಿಧಾನವಾಗಿ ಅದನ್ನೇ ಮಾಡುತ್ತದೆ, ಕೈಚೀಲ ಹಾಕಿಕೊಳ್ಳಿ.

ಒಂದು ಅಂಚಿನ ನಡುವೆ ಎಸ್ಐಪಿಎಂಗೆ ಜಾಗ ಗುರುತಿಸಿ. ಅಕ್ಕಿಕಾಳಿನ ಅರ್ಧದಷ್ಟು ಗ್ರೀಸ್ ಇಟ್ಟು, ಗುಳ್ಳೆ ಉಳಿಯದಂತೆ ನಿಧಾನಕ್ಕೆ ಒತ್ತಿ ಕೂರಿಸಿ. ನಂತರ ಇಡೀ ತಟ್ಟೆಗೆ ಟೆಫ್ಲಾನ್ ಟೇಪು 4–5 ಪದರ. ಒಂದೇ ಪದರ ಅರೆಪಾರದರ್ಶಕ, ಪದರ ಸೇರಿದಷ್ಟೂ ಅದು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಅದರ ಮೇಲೆ ಫಾಯಿಲ್, ಕಪ್ಪು ಹಾಳೆ ಎರಡು ಸುತ್ತು, ಮೂಲೆಗಳಿಗೆ ಕರಿ ಟೇಪು. ಫಾಯಿಲ್ ಎಸ್ಐಪಿಎಂನ ಕಾಲುಗಳಿಗೆ ತಾಗದಿರಲಿ.

ಮ್ಯೂಯಾನ್ ಒಂದು ಸೆಂ.ಮೀ. ಪ್ಲಾಸ್ಟಿಕ್ ದಾಟುವಾಗ ಸುಮಾರು 2 ಎಂಇವಿ (ಮೆಗಾ ಎಲೆಕ್ಟ್ರಾನ್‌ವೋಲ್ಟ್) ಶಕ್ತಿ ಬಿಟ್ಟುಹೋಗುತ್ತದೆ. ಒಂದು ಎಂಇವಿಗೆ ಸುಮಾರು 10,000 ಫೋಟಾನ್‌ಗಳಂತೆ 20,000 ನೀಲಿ ಫೋಟಾನ್‌ಗಳು. ಅಂಚಿನಲ್ಲಿ ಕೂತ ಪುಟ್ಟ ಸೆನ್ಸರ್‌ಗೆ ತಲುಪಿ ಎಣಿಕೆಯಾಗುವುದು ಇದರಲ್ಲಿ ಕೆಲವೇ ಹತ್ತು. ಪಾಲಿಷ್‌ನಲ್ಲಿ ಸೋಮಾರಿತನ ಮಾಡಿದರೆ 40 ಇದ್ದದ್ದು 15ಕ್ಕೆ ಇಳಿಯುತ್ತದೆ, ಆಮೇಲೆ ಸರ್ಕ್ಯೂಟಿನಲ್ಲಿ ಎಷ್ಟು ವರ್ಧಿಸಿದರೂ ಕಳೆದುಹೋದ ಫೋಟಾನ್ ವಾಪಸು ಬರುವುದಿಲ್ಲ.

ಬಯಸ್ ಕೊಟ್ಟು ಬೆಳಕಿನ ಸೋರಿಕೆ ಹಿಡಿಯುವುದು

ಬಯಸ್ ಎಂದರೆ ಸೆನ್ಸರ್ ನಡೆಸುವ ವೋಲ್ಟೇಜ್. ಕ್ಯಾಥೋಡಿಗೆ +28 ವೋಲ್ಟ್, ನಡುವೆ 10 ಕಿಲೋಓಮ್ ರೆಸಿಸ್ಟರ್, ಎಸ್ಐಪಿಎಂ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಆ್ಯನೋಡಿನಿಂದ ನೆಲಕ್ಕೆ 50 ಓಮ್. ಬ್ರೇಕ್‌ಡೌನ್‌ಗಿಂತ 3.5 ವೋಲ್ಟ್ ಮೇಲೆ ನಿಂತಿದ್ದೇವೆ. ಇನ್ನೂ ಏರಿಸಿದರೆ ದಕ್ಷತೆ ಸ್ವಲ್ಪ ಏರುತ್ತದೆ, ಗದ್ದಲ ಬಹಳ ಏರುತ್ತದೆ.

ಈ 10 ಕಿಲೋಓಮ್ ಮೂರು ಕೆಲಸ ಮಾಡುತ್ತದೆ. ಕೆಪಾಸಿಟರ್ ಜೊತೆ ಸೇರಿ ಬೂಸ್ಟ್ ಸರ್ಕ್ಯೂಟಿನ ತರಂಗವನ್ನು ಸೋಸುತ್ತದೆ. ಯಾರಾದರೂ ಹಗಲಿನಲ್ಲಿ ಡಬ್ಬಿ ತೆರೆದರೆ ಪ್ರವಾಹ 2.8 ಮಿಲಿಆಂಪ್ ದಾಟದಂತೆ ತಡೆದು ಸೆನ್ಸರ್ ಉಳಿಸುತ್ತದೆ. ಮೂರನೆಯದೇ ಮುಖ್ಯ: ಇದರ ಎರಡು ತುದಿಗೆ ಮಲ್ಟಿಮೀಟರ್ ಇಟ್ಟರೆ ಸೋರಿಕೆ ಮಾಪಕ ಸಿದ್ಧ. ಪೂರ್ತಿ ಕತ್ತಲಲ್ಲಿ 6×6 ಮಿ.ಮೀ. ಸೆನ್ಸರ್ ಎಳೆಯುವುದು ಒಂದು ಮೈಕ್ರೋಆಂಪ್‌ನ ಆಸುಪಾಸು, ಮೀಟರಿನಲ್ಲಿ ಸುಮಾರು 10 ಮಿಲಿವೋಲ್ಟ್.

ಪರೀಕ್ಷೆ ಹೀಗೆ. ಮಧ್ಯಾಹ್ನ ಹನ್ನೆರಡಕ್ಕೆ, ಕಿಟಕಿ ತೆರೆದು, ಸುತ್ತಿದ ತಟ್ಟೆಯನ್ನು ಮೇಜಿನ ಮೇಲಿಡಿ. ಮಿಲಿವೋಲ್ಟ್ ಬರೆದುಕೊಳ್ಳಿ. ಮೇಲೆ ದಪ್ಪ ಕಂಬಳಿ ಹೊದಿಸಿ ಮತ್ತೆ ಬರೆಯಿರಿ. ಎರಡೂ ಒಂದೇ ಇರಬೇಕು. ಇಲ್ಲವಾದರೆ ಮೊಬೈಲ್ ಟಾರ್ಚನ್ನು ಅಂಚಿನುದ್ದಕ್ಕೂ ಬೆರಳಗಲ ಬೆರಳಗಲ ಸರಿಸುತ್ತಾ ಬನ್ನಿ. ಮೀಟರ್ ಎಲ್ಲಿ ಜಿಗಿಯುತ್ತದೋ ಅಲ್ಲಿ ತೂತು. ಹತ್ತಕ್ಕೆ ಒಂಬತ್ತು ಸಲ ಅದು ವೈರ್ ಹೊರಬರುವ ಜಾಗ ಅಥವಾ ಮೂಲೆ. ಟೇಪು ಹಾಕಿ, ಮತ್ತೆ ಕಂಬಳಿ.

ಕಂಬಳಿ ಹೊದಿಸಿದರೂ 30–40 ಮಿಲಿವೋಲ್ಟ್ ನಿಂತೇ ಇದ್ದರೆ ತಪ್ಪು ಬೆಳಕಿನದಲ್ಲ, ಬೋರ್ಡಿನದು. ಬೆಸುಗೆಯ ಫ್ಲಕ್ಸ್ ಮಳೆಗಾಲದ ಗಾಳಿಯಲ್ಲಿ ತೇವ ಹೀರಿ 10 ಮೆಗಾಓಮ್‌ನ ದಾರಿ ಮಾಡಿಕೊಟ್ಟರೂ 28 ವೋಲ್ಟಿಗೆ 2.8 ಮೈಕ್ರೋಆಂಪ್ ಹರಿಯುತ್ತದೆ, ಅಂದರೆ ಸೆನ್ಸರಿನದ್ದಕ್ಕಿಂತ ಜಾಸ್ತಿ. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಲ್ಲುಜ್ಜುವ ಬ್ರಶ್ ಹಿಡಿದು ತೊಳೆದು, ಒಣಗಿಸಿ, ತೇವ ತಡೆಯುವ ಕನ್ಫಾರ್ಮಲ್ ಕೋಟಿಂಗ್ ಹೊಡೆಯಿರಿ. ಆಲ್ಕೋಹಾಲ್ ಬೋರ್ಡಿಗೆ ಮಾತ್ರ, ತಟ್ಟೆಯ ಹತ್ತಿರ ತರಬೇಡಿ. ಆಗುಂಬೆ, ಹೊಸನಗರದ ಕಡೆ ಜುಲೈನಲ್ಲಿ ಕಟ್ಟುವವರಿಗೆ ಈ ಹೆಜ್ಜೆ ಐಚ್ಛಿಕವಲ್ಲ. ಡಬ್ಬಿಯೊಳಗೆ ಸಿಲಿಕಾ ಜೆಲ್ ಇಡಿ, ಅದರ ಬಣ್ಣ ಬದಲಾದರೆ ಒಲೆಯ ಪಕ್ಕದಲ್ಲಿ ಕಾಯಿಸಿ ಮತ್ತೆ ಹಾಕಿ.

ಪಲ್ಸ್ ನೋಡುವುದು

50 ಓಮ್ ಮೇಲೆ ಒಂದು ಫೋಟೊಎಲೆಕ್ಟ್ರಾನಿಗೆ (ಸೆನ್ಸರ್ ಹಿಡಿದ ಒಂದು ಫೋಟಾನಿಗೆ) ಕಾಲು ಮಿಲಿವೋಲ್ಟ್ ಸಿಗುತ್ತದೆ, ಬಾಲ ಸುಮಾರು 100 ನ್ಯಾನೋಸೆಕೆಂಡ್. ಮ್ಯೂಯಾನ್ 40 ಎಬ್ಬಿಸಿದರೆ 10 ಮಿಲಿವೋಲ್ಟ್. ಆಪ್‌ಆಂಪ್‌ನಲ್ಲಿ ಹತ್ತು ಪಟ್ಟು ವರ್ಧಿಸಿದರೆ 100. ಸ್ಕೋಪಿನ ಟ್ರಿಗರ್ 60 ಮಿಲಿವೋಲ್ಟಿಗಿಟ್ಟು ಕಾಯಿರಿ: ಚೂಪಾಗಿ ಎದ್ದು ಸಾವಕಾಶ ಇಳಿಯುವ ಆಕೃತಿ ಬಂದರೆ ಅದು ಬೆಳಕಿನದು. ಮೇಲೆ ಕೆಳಗೆ ತೂಗುವ, ಎರಡೂ ಕಡೆ ಸಮನಾದ ಅಲೆ ಬಂದರೆ ಅದು ರೇಡಿಯೋ ಗದ್ದಲ. ಸ್ಟೀಲ್ ಡಬ್ಬಿಯನ್ನು ನೆಲದ ವೈರಿಗೆ ಜೋಡಿಸಿದ್ದೀರಾ ನೋಡಿ, ಇಎಸ್‌ಪಿ32ರ ವೈಫೈ ಆರಿಸಿ. ವೈಫೈ ಕಳಿಸುವಾಗಿನ ಪ್ರವಾಹದ ಜಿಗಿತ ಎರಡೂ ಚಾನೆಲ್‌ಗೆ ಒಟ್ಟಿಗೇ ಬಡಿಯುತ್ತದೆ, ಅಂದರೆ ಸುಳ್ಳು ಜೋಡಿ ಹುಟ್ಟುತ್ತದೆ.

ಬೆಸುಗೆಗೆ ಮೊದಲು ತರ್ಕ

ಒಂದೇ ತಟ್ಟೆ ಸಾಲದು ಏಕೆ? ಗೋಡೆಯ ಜಂಬಿಟ್ಟಿಗೆ, ನೆಲದ ಗ್ರಾನೈಟ್, ಅಂಗಳದ ಮಣ್ಣು ಎಲ್ಲದರಲ್ಲೂ ಪೊಟ್ಯಾಸಿಯಂ-40, ಥೋರಿಯಂ ಸರಣಿ ಇವೆ. ಥೋರಿಯಂ ಸರಣಿಯ ಕೊನೆಯ 2.61 ಎಂಇವಿ ಗಾಮಾ ಕಿರಣ ಪ್ಲಾಸ್ಟಿಕ್‌ನಲ್ಲಿ 2.38 ಎಂಇವಿಯವರೆಗೂ ಶಕ್ತಿ ಬಿಡಬಲ್ಲದು. ಪಲ್ಸ್ ಎತ್ತರ ನೋಡಿ ಅದನ್ನು ಮ್ಯೂಯಾನಿನಿಂದ ಬೇರೆ ಮಾಡಲಾಗದು. ಆದರೆ ಗಾಮಾ ಎರಡು ತಟ್ಟೆಯನ್ನೂ ಒಟ್ಟಿಗೆ ಮುಟ್ಟುವುದು ಅಪರೂಪ, ಮ್ಯೂಯಾನ್ ಎರಡನ್ನೂ ತೂರಿ ಹೋಗುತ್ತದೆ. ಬೋಥೆ ಮತ್ತು ಗೈಗರ್ 1920ರ ದಶಕದ ನಡುವಿನಲ್ಲಿ ಹೂಡಿದ, ರೊಸ್ಸಿ 1930ರಲ್ಲಿ ವಾಲ್ವ್ ಸರ್ಕ್ಯೂಟಿಗೆ ಇಳಿಸಿದ ಕೊಇನ್ಸಿಡೆನ್ಸ್ ಉಪಾಯ ಇದೇ. ಇಲ್ಲಿ ಅದನ್ನು ಜೋಡಿ ಎಣಿಕೆ ಎನ್ನೋಣ, ಒಂದೊಂದೇ ತಟ್ಟೆಯದನ್ನು ಬಿಡಿ ಎಣಿಕೆ.

ತರ್ಕವನ್ನು ಲ್ಯಾಮ್ಡಾ ಪದಗಳಲ್ಲಿ ಬರೆಯುವುದು ಸುಲಭ. ಲ್ಯಾಮ್ಡಾ ಗುರುತಿಗೆ ಕೀಬೋರ್ಡಿನ \ ಬಳಸುತ್ತೇವೆ. ಗಣಿತಜ್ಞ ಅಲೊಂಜೊ ಚರ್ಚ್ ಪದ್ಧತಿಯಲ್ಲಿ ಸತ್ಯ, ಮಿಥ್ಯ ಎಂದರೆ ಎರಡರಲ್ಲಿ ಒಂದನ್ನು ಆರಿಸುವ ಫಂಕ್ಷನ್‌ಗಳು:

ಸತ್ಯ = \ಕ. \ಖ. ಕ
ಮಿಥ್ಯ = \ಕ. \ಖ. ಖ
ಮತ್ತು = \ಪ. \ಫ. ಪ ಫ ಪ
ಅಥವಾ = \ಪ. \ಫ. ಪ ಪ ಫ

ಮೂರು ತಟ್ಟೆಯಲ್ಲಿ ಕನಿಷ್ಠ ಎರಡು ಮಿನುಗಿದರೆ ಸಾಕು ಎಂಬ ಬಹುಮತದ ಟ್ರಿಗರ್:

ಬಹುಮತ = \ಪ. \ಫ. \ಬ. ಪ (ಅಥವಾ ಫ ಬ) (ಮತ್ತು ಫ ಬ)

ಗದ್ದಲವನ್ನಷ್ಟೇ ಕೇಳುವ ಚಾನೆಲ್ (ವಿವರ ಮುಂದೆ) ಎದ್ದಾಗ ಜೋಡಿಯನ್ನು ತಿರಸ್ಕರಿಸುವ ವೀಟೋ:

ವೀಟೋ = \ಪ. \ಫ. \ಗ. ಗ ಮಿಥ್ಯ (ಮತ್ತು ಪ ಫ)

ಬಹುಮತಕ್ಕೆ ಎಂಟು ಸಾಲಿನ ಪಟ್ಟಿ ಬರೆದು, ಪ್ರತಿ ಸಾಲನ್ನೂ ಬೀಟಾ ಇಳಿಕೆಯಿಂದ (ಚರದ ಜಾಗದಲ್ಲಿ ಕೊಟ್ಟ ಪದವನ್ನು ಇಡುತ್ತಾ) ಬಿಡಿಸಿ. ಉದಾಹರಣೆಗೆ ಬಹುಮತ ಮಿಥ್ಯ ಸತ್ಯ ಸತ್ಯ ಎಂಬುದು (ಮತ್ತು ಸತ್ಯ ಸತ್ಯ)ಕ್ಕೆ ಇಳಿಯುತ್ತದೆ, ಅಲ್ಲಿಂದ ಸತ್ಯಕ್ಕೆ. ಕೈಯಲ್ಲಿ ಅರ್ಧ ಗಂಟೆಯ ಕೆಲಸ, ಪೈಥಾನ್‌ನಲ್ಲಿ ಐದು ನಿಮಿಷದ್ದು.

ಇಲ್ಲಿ ತಡೆದು ನಿಲ್ಲಬೇಕಾದ ಜಾಗವೊಂದಿದೆ. (ಮತ್ತು ಪ ಫ) ಎಂಬುದು (ಮತ್ತು ಫ ಪ)ಗೆ ಸಮವೇ? ಗೇಟಿನ ಎರಡು ಕಾಲು ಅದಲುಬದಲು ಮಾಡಿದರೆ ವ್ಯತ್ಯಾಸವಿಲ್ಲ ಎಂದು ಎಲ್ಲರೂ ನಂಬುತ್ತೇವೆ. ಆದರೆ ಪ, ಫ ಇನ್ನೂ ಬೆಲೆ ಕೊಡದ ಮುಕ್ತ ಚರಗಳಾಗಿದ್ದಾಗ ಮೊದಲನೆಯದು ‘ಪ ಫ ಪ’ಗೆ ಇಳಿದು ನಿಲ್ಲುತ್ತದೆ, ಎರಡನೆಯದು ‘ಫ ಪ ಫ’ಗೆ. ಇವು ಬೇರೆ ಬೇರೆ ಸಾಮಾನ್ಯ ರೂಪಗಳು, ಅಂದರೆ ಇನ್ನು ಇಳಿಸಲಾಗದ ಪದಗಳು. ಚರ್ಚ್–ರಾಸರ್ ಪ್ರಮೇಯದ (1936) ಪ್ರಕಾರ ಹಾಗಿರುವ ಪದಗಳು ಬೀಟಾ ಸಮ ಆಗಲಾರವು. ಅಂದರೆ ಬೂಲಿಯನ್ ಬೀಜಗಣಿತದ ನಿಯಮಗಳು ಎಲ್ಲ ಲ್ಯಾಮ್ಡಾ ಪದಗಳಿಗೂ ನಿಲ್ಲುವುದಿಲ್ಲ, ಒಳಬರುವುದು ಸತ್ಯ ಅಥವಾ ಮಿಥ್ಯವೇ ಆಗಿದ್ದಾಗ ಮಾತ್ರ ನಿಲ್ಲುತ್ತವೆ. ಹಾರ್ಡ್‌ವೇರಿನಲ್ಲೂ ಹೀಗೇ: 1.8 ವೋಲ್ಟಿನಲ್ಲಿ ತೂಗಾಡುವ ಅರ್ಧಂಬರ್ಧ ಪಲ್ಸ್ ಸತ್ಯವೂ ಅಲ್ಲ, ಮಿಥ್ಯವೂ ಅಲ್ಲ. ಅದು ಒಳಬಂದ ದಿನ ನಿಮ್ಮ ಸಮೀಕರಣ ಯಾವುದೂ ಉಳಿಯದು. ಕಂಪೇರೇಟರ್‌ಗೆ ಸಂಬಳ ಕೊಡುವುದೇ ಈ ಕೆಲಸಕ್ಕೆ. ಮುಂದಿನ ಪರೀಕ್ಷೆಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ‘ನಿಯಮ ನಿಲ್ಲುವ ಎಲ್ಲೆಯೊಳಗೆ ಇದ್ದೇವೆಯೇ’ ಎಂಬ ತಪಾಸಣೆ.

ಎರಡನೆಯ ವಿಷಯ ಸಮಯ. ಲ್ಯಾಮ್ಡಾ ಪದಕ್ಕೆ ಗಡಿಯಾರ ಗೊತ್ತಿಲ್ಲ, ನಮ್ಮ ಸಿಗ್ನಲ್ ಮಾತ್ರ ಸಮಯದ ಮೇಲೆ ನಿಂತಿದೆ. ಆದ್ದರಿಂದ ಸಿಗ್ನಲ್ ಎಂದರೆ ಸಮಯವನ್ನು ತೆಗೆದುಕೊಂಡು ಸತ್ಯ ಅಥವಾ ಮಿಥ್ಯ ಕೊಡುವ ಫಂಕ್ಷನ್ ಎನ್ನೋಣ. ಆಗ ಗೇಟಿನ ಕೆಲಸ:

ಗೇಟ್ = \ಚ. \ಜ. \ಟ. ಮತ್ತು (ಚ ಟ) (ಜ ಟ)

ಕಾಂಬಿನೇಟರ್ ಬಲ್ಲವರಿಗೆ ಇದು ಎಸ್ (ಬಿ ಮತ್ತು ಚ) ಜ ಎಂದು ಕೂಡಲೇ ಹೊಳೆಯುತ್ತದೆ. ಗೇಟು ಆ ಕ್ಷಣವನ್ನಷ್ಟೇ ನೋಡುತ್ತದೆ. ಮಾನೋಸ್ಟೇಬಲ್ ಹಾಗಲ್ಲ, ಕಳೆದ 150 ನ್ಯಾನೋಸೆಕೆಂಡಿನಲ್ಲಿ ಎಂದಾದರೂ ಪಲ್ಸ್ ಬಂದಿತ್ತೇ ಎಂದು ಹಿಂದಕ್ಕೆ ನೋಡುತ್ತದೆ. ಇದಕ್ಕೆ ‘ಹಿಗ್ಗಿಸು’ ಎಂದು ಹೆಸರಿಟ್ಟರೆ ಎರಡು ನಿಯಮ ಸಿಗುತ್ತವೆ:

ಹಿಗ್ಗಿಸು (ಚ ಅಥವಾ ಜ) = (ಹಿಗ್ಗಿಸು ಚ) ಅಥವಾ (ಹಿಗ್ಗಿಸು ಜ)
ಹಿಗ್ಗಿಸು (ಚ ಮತ್ತು ಜ) ಸತ್ಯವಾದಾಗಲೆಲ್ಲ (ಹಿಗ್ಗಿಸು ಚ) ಮತ್ತು (ಹಿಗ್ಗಿಸು ಜ) ಕೂಡ ಸತ್ಯ, ಆದರೆ ತಿರುಗಿಸಿ ಹೇಳಲಾಗದು.

ಎರಡನೆಯ ನಿಯಮವೇ ವೈರಿಂಗ್‌ನ ಕ್ರಮ ಹೇಳುತ್ತದೆ. ಮೊದಲು ಆಂಡ್ ಗೇಟ್, ನಂತರ 123 ಹಾಕಿದರೆ, ಥ್ರೆಶೋಲ್ಡನ್ನು ಕೊಂಚ ಆಚೀಚೆ ದಾಟಿದ ಎರಡು ಕಿರಿದಾದ ಪಲ್ಸ್‌ಗಳು ಒಂದರ ಮೇಲೊಂದು ಬೀಳದೆ ನಿಜವಾದ ಮ್ಯೂಯಾನ್ ಕಳೆದುಹೋಗುತ್ತದೆ. ಮೊದಲು ಹಿಗ್ಗಿಸಿ ನಂತರ ಗೇಟಿಗೆ ಕೊಟ್ಟರೆ ಅದು ಉಳಿಯುತ್ತದೆ, ಬೆಲೆಯಾಗಿ ಸಂಬಂಧವಿಲ್ಲದ ಕೆಲವು ಪಲ್ಸ್‌ಗಳೂ ಜೋಡಿಯೆಂದು ಒಳನುಸುಳುತ್ತವೆ. ಎರಡನೆಯ ನಿಯಮದ ಎರಡು ಬದಿಯ ನಡುವಿನ ಅಂತರದಲ್ಲೇ ಈ ಕಾಕತಾಳೀಯ ಜೋಡಿಗಳು ಕೂತಿರುವುದು. ಅವನ್ನು ಅಳೆದು ಕಳೆಯಬಹುದು, ಕಳೆದುಹೋದ ಮ್ಯೂಯಾನನ್ನು ಯಾವ ಲೆಕ್ಕದಿಂದಲೂ ತರಲಾಗದು. ಹಾಗಾಗಿ ಕ್ರಮ ಇಷ್ಟೇ: ಕಂಪೇರೇಟರ್, 123, ಆಮೇಲೆ 08.

ಮೊದಲನೆಯ ನಿಯಮ ಹಣ ಉಳಿಸುತ್ತದೆ. ಮುಂದೆ ಒಂದು ಪದರದಲ್ಲಿ ನಾಲ್ಕು ತಟ್ಟೆ ಜೋಡಿಸುವಾಗ, ನಾಲ್ಕನ್ನೂ ಮೊದಲು ಆರ್ ಗೇಟಿಗೆ ಕೊಟ್ಟು ಒಂದೇ ಮಾನೋಸ್ಟೇಬಲ್ ಹಾಕಬಹುದು. ಆದರೆ ಇದು ಮರುಟ್ರಿಗರ್ ಆಗುವ 123ಕ್ಕೆ ಮಾತ್ರ. 74ಎಚ್‌ಸಿ221 ಮರುಟ್ರಿಗರ್ ಆಗದು: 0ಯಲ್ಲಿ ಒಂದು, 100 ನ್ಯಾನೋಸೆಕೆಂಡಿಗೆ ಇನ್ನೊಂದು ಪಲ್ಸ್ ಬಂದರೆ ಅದು 150ಕ್ಕೇ ಇಳಿದುಬಿಡುತ್ತದೆ, 250ರವರೆಗೆ ನಿಲ್ಲಬೇಕಿತ್ತು. ಅಂಗಡಿಯವರು ‘ಎರಡೂ ಒಂದೇ’ ಎಂದರೆ ಒಪ್ಪಬೇಡಿ. 123ರಲ್ಲೂ ಚಿಕ್ಕ ಕೊಸರೊಂದಿದೆ. ಅದು ಏರು ಅಂಚನ್ನು ಮಾತ್ರ ನೋಡುವುದರಿಂದ, ಎರಡು ಪಲ್ಸ್ ಮೊದಲೇ ಒಂದಾಗಿ ಬಂದರೆ ಎರಡನೆಯ ಅಂಚು ಕಾಣದು. ಆಗ ತಪ್ಪುವುದು ಕೆಲವು ಹತ್ತು ನ್ಯಾನೋಸೆಕೆಂಡ್, ನಮ್ಮ ಕೆಲಸಕ್ಕೆ ಅಡ್ಡಿಯಿಲ್ಲ.

ಈಗ ಬೆಸುಗೆ. 123ರ ಅಗಲವನ್ನು ಸ್ಕೋಪಿನಲ್ಲಿ ನೋಡುತ್ತಲೇ 150 ನ್ಯಾನೋಸೆಕೆಂಡಿಗೆ ಹೊಂದಿಸಿ. ಇಷ್ಟು ಚಿಕ್ಕ ಅಗಲಕ್ಕೆ ಪುಸ್ತಕದ ಸೂತ್ರ ಹೊಂದುವುದಿಲ್ಲ, ಬೋರ್ಡಿನ ಬಿಡಿ ಕೆಪಾಸಿಟೆನ್ಸೇ ಲೆಕ್ಕ ಕೆಡಿಸುತ್ತದೆ. ಇಎಸ್‌ಪಿ32 ಒಪ್ಪುವುದು 3.3 ವೋಲ್ಟ್, ನಡುವೆ ವೋಲ್ಟೇಜ್ ಡಿವೈಡರ್ ಹಾಕಿ. ಅದರ ಪಲ್ಸ್ ಕೌಂಟರ್‌ಗೆ 150 ನ್ಯಾನೋಸೆಕೆಂಡ್ ಸಾಕು. ಆರ್ಡುಯಿನೋ ಊನೋ ಬಳಸುವುದಾದರೆ ಗೇಟಿನ ನಂತರ ಇನ್ನೊಂದು 123 ಇಟ್ಟು 10 ಮೈಕ್ರೋಸೆಕೆಂಡಿಗೆ ಹಿಗ್ಗಿಸಿ, ಇಲ್ಲವಾದರೆ ಅದು ಕೆಲವನ್ನು ತಪ್ಪಿಸುತ್ತದೆ.

ಥ್ರೆಶೋಲ್ಡ್ ಹುಡುಕುವುದು

ತಟ್ಟೆಗಳನ್ನು ಒಂದರ ಮೇಲೊಂದು 10 ಸೆಂ.ಮೀ. ಅಂತರದಲ್ಲಿ, ಅಂಚಿಗೆ ಅಂಚು ಸರಿಯಾಗಿ ಇಡಿ. ಮೇಲಿನ ತಟ್ಟೆಯ ಥ್ರೆಶೋಲ್ಡನ್ನು 10 ಮಿಲಿವೋಲ್ಟಿನಿಂದ 120ರವರೆಗೆ 10ರಂತೆ ಏರಿಸುತ್ತಾ, ಪ್ರತಿ ಹಂತದಲ್ಲೂ ಹತ್ತು ನಿಮಿಷ ಬಿಡಿ ಎಣಿಕೆ, ಜೋಡಿ ಎಣಿಕೆ ಎರಡನ್ನೂ ಬರೆಯಿರಿ. ನಂತರ ಕೆಳಗಿನದ್ದು. ಬಿಡಿ ಎಣಿಕೆ ಮೊದಲು ಸಾವಿರಗಟ್ಟಲೆಯಿಂದ ಧಡಕ್ಕನೆ ಬೀಳುತ್ತದೆ, ಅದು ಸೆನ್ಸರಿನ ಸ್ವಂತ ಗದ್ದಲ. ಒಂದೊಂದು ಫೋಟೊಎಲೆಕ್ಟ್ರಾನಿನ ಮೆಟ್ಟಿಲು ಕಾಣಲಿಲ್ಲವೆಂದು ಕೊರಗಬೇಡಿ: ಮೆಟ್ಟಿಲು 2.5 ಮಿಲಿವೋಲ್ಟ್, ಕಂಪೇರೇಟರಿನ ಹಿಸ್ಟೆರಿಸಿಸ್ (ಏರುವಾಗಿನ, ಇಳಿಯುವಾಗಿನ ಮಟ್ಟಗಳ ನಡುವಿನ ಅಂತರ) ಸುಮಾರು 6. ನಂತರ ಗಾಮಾದ ಇಳಿಜಾರು.

ನೋಡಬೇಕಾದದ್ದು ಜೋಡಿ ಎಣಿಕೆಯ ಗೆರೆ. ಅದು ನಡುವೆ ಎಲ್ಲೋ ಸಮತಟ್ಟಾಗುತ್ತದೆ, ಬಹುಶಃ 30ರಿಂದ 60ರ ನಡುವೆ. ಎಡತುದಿಯಲ್ಲಿ ಏರಿದರೆ ಗದ್ದಲ, ಬಲತುದಿಯಲ್ಲಿ ಇಳಿದರೆ ಮ್ಯೂಯಾನನ್ನೇ ಕತ್ತರಿಸುತ್ತಿದ್ದೀರಿ. ನಡುಮಧ್ಯ ನಿಲ್ಲಿಸಿ. ಸಮತಟ್ಟು ಸಿಗಲೇ ಇಲ್ಲವೇ? ಆಗ ಬೆಳಕು ಸಾಲದು, ಗ್ರೀಸ್ ಮತ್ತು ಪಾಲಿಷ್‌ಗೆ ಹಿಂದಿರುಗಿ. ಈ ಹಂತದಲ್ಲಿ ವರ್ಧನೆ ಏರಿಸಿ ತೇಪೆ ಹಾಕುವವರೇ ಜಾಸ್ತಿ. ಗದ್ದಲವೂ ಅಷ್ಟೇ ಏರುವುದರಿಂದ ಏನೂ ಗಿಟ್ಟುವುದಿಲ್ಲ.

ಸಮತಟ್ಟಿನ ನಡುವೆ ನಿಲ್ಲುವುದಕ್ಕೆ ಇನ್ನೊಂದು ಕಾರಣ ಚಳಿ. ಬ್ರೇಕ್‌ಡೌನ್ ಪ್ರತಿ ಡಿಗ್ರಿಗೆ 21.5 ಮಿಲಿವೋಲ್ಟ್ ಸರಿಯುತ್ತದೆ. ಜನವರಿಯಲ್ಲಿ ಬೆಳಗಿನ 15 ಡಿಗ್ರಿಯಿಂದ ಮಧ್ಯಾಹ್ನದ 30ಕ್ಕೆ ಏರಿದರೆ 0.32 ವೋಲ್ಟ್, 3.5 ವೋಲ್ಟಿನಲ್ಲಿ ಶೇ. 9. ಪಲ್ಸ್ ಅಷ್ಟು ಕುಗ್ಗುತ್ತದೆ. ಸಮತಟ್ಟಿನ ಮೇಲಿದ್ದರೆ ಜೋಡಿ ಎಣಿಕೆ ಕದಲದು, ಅಂಚಿನಲ್ಲಿದ್ದರೆ ಮ್ಯೂಯಾನ್‌ಗಳು ಹಗಲಿಗಿಂತ ರಾತ್ರಿ ಜಾಸ್ತಿ ಬರುತ್ತವೆಂಬ ಹೊಸ ಭೌತಶಾಸ್ತ್ರ ನಿಮಗೆ ಸಿಗುತ್ತದೆ.

ಎಲ್ಲ ಸರಿಯಿದ್ದರೆ 10 ಸೆಂ.ಮೀ. ಅಂತರದಲ್ಲಿ ನಿಮಿಷಕ್ಕೆ ಸುಮಾರು 20 ಜೋಡಿ. 20 ಸೆಂ.ಮೀ.ಗೆ 8, 40 ಸೆಂ.ಮೀ.ಗೆ ಎರಡೂವರೆ. ಈ ಮೂರೂ ಅಂತರದಲ್ಲಿ ಅಳೆದು ಅನುಪಾತ ನೋಡಿ. ನಿಖರ ಸಂಖ್ಯೆಗಿಂತ ಅನುಪಾತವೇ ಹೆಚ್ಚು ನಂಬಿಕೆಯದ್ದು, ಏಕೆಂದರೆ ಅದು ಜ್ಯಾಮಿತಿಯಿಂದ ಬರುತ್ತದೆ. ಮೇಲೆ ಆರ್‌ಸಿಸಿ ಸ್ಲ್ಯಾಬ್ ಇದ್ದರೆ ಮ್ಯೂಯಾನ್‌ಗಳ ಜೊತೆ ಬರುವ ಎಲೆಕ್ಟ್ರಾನ್‌ಗಳಲ್ಲಿ ಕೆಲವು ಅಲ್ಲೇ ನಿಲ್ಲುತ್ತವೆ, ಹೆಂಚಿನ ಮನೆಯಲ್ಲಿ ಎಣಿಕೆ ತುಸು ಹೆಚ್ಚೇ ಬರುತ್ತದೆ.

ಕಾಕತಾಳೀಯವನ್ನು ಅಳೆಯುವುದು

ಸೂತ್ರ ಸರಳ: ಕಾಕತಾಳೀಯ ದರ = ಮೊದಲ ಬಿಡಿ ದರ × ಎರಡನೆಯ ಬಿಡಿ ದರ × ಎರಡು ಪಲ್ಸ್ ಅಗಲಗಳ ಮೊತ್ತ. ಇಲ್ಲಿ ಮೊತ್ತ 300 ನ್ಯಾನೋಸೆಕೆಂಡ್. ಬಿಡಿ ಎಣಿಕೆ ಸೆಕೆಂಡಿಗೆ 20 ಇದ್ದರೆ ಕಾಕತಾಳೀಯ ಗಂಟೆಗೆ ಅರ್ಧವೂ ಇಲ್ಲ, ಮರೆತುಬಿಡಬಹುದು. ಬಿಡಿ ಎಣಿಕೆ 1,000ಕ್ಕೆ ಏರಿದರೆ ನಿಮಿಷಕ್ಕೆ 18. ಅಂದರೆ ಅಸಲಿ ಮ್ಯೂಯಾನ್‌ನಷ್ಟೇ ಸುಳ್ಳು ಎಣಿಕೆ! ದರದ ವರ್ಗಕ್ಕೆ ಏರುವ ಈ ಗುಣ ಬೇಗ ಕೈಕೊಡುತ್ತದೆ.

ಸೂತ್ರವನ್ನು ನಂಬುವ ಮೊದಲು ಅಳೆಯಿರಿ. ತಟ್ಟೆಗಳನ್ನು ಜಗಲಿಯ ಎರಡು ತುದಿಗೆ, 5 ಮೀಟರ್ ದೂರ, ಒಂದೇ ಮಟ್ಟದಲ್ಲಿ ಇಡಿ. ಕೇಬಲ್‌ಗಳ ಉದ್ದ ಸಮನಾಗಿರಲಿ. ಈಗ ಒಂದೇ ಮ್ಯೂಯಾನ್ ಎರಡನ್ನೂ ಮುಟ್ಟುವುದು ಹೆಚ್ಚುಕಡಿಮೆ ಅಸಾಧ್ಯ. ಬೇಕೆಂದೇ ಥ್ರೆಶೋಲ್ಡ್ ಇಳಿಸಿ ಬಿಡಿ ಎಣಿಕೆಯನ್ನು 1,000ಕ್ಕೆ ತನ್ನಿ. ನಿಮಿಷಕ್ಕೆ 18ರ ಹತ್ತಿರ ಬಂದರೆ ಅಗಲಗಳು ಸರಿಯಿವೆ. 30 ಬಂದರೆ ಎರಡು ಚಾನೆಲ್ ಒಂದಕ್ಕೊಂದು ಪಿಸುಗುಡುತ್ತಿವೆ: ಒಂದೇ ಬಯಸ್ ಲೈನು, ಒಂದೇ ನೆಲದ ವೈರು, ಅಥವಾ ಪಕ್ಕಪಕ್ಕದ ಕೇಬಲ್. ಪ್ರತಿ ಚಾನೆಲ್‌ಗೆ ಬೇರೆ 10 ಕಿಲೋಓಮ್ ಸೋಸುಕ ಇದೆಯೇ ಎಂದು ಮೊದಲು ನೋಡಿ.

ಕರೆಂಟು ಹೋಗಿ ಯುಪಿಎಸ್ ಎದ್ದಾಗಿನ ಗದ್ದಲಕ್ಕೆ ಮದ್ದು ಕುರುಡು ಚಾನೆಲ್. ಎಲ್ಲ ಸರ್ಕ್ಯೂಟೂ ಅದೇ, ಆದರೆ ಎಸ್ಐಪಿಎಂ ಬದಲು 3.3 ನ್ಯಾನೋಫ್ಯಾರಡ್ ಕೆಪಾಸಿಟರ್, ಏಕೆಂದರೆ 6×6 ಮಿ.ಮೀ. ಸೆನ್ಸರಿನ ಕೆಪಾಸಿಟೆನ್ಸ್ ಸುಮಾರು ಅಷ್ಟೇ. ಅದು ಬೆಳಕು ಕಾಣದು, ಗದ್ದಲ ಮಾತ್ರ ಕೇಳುತ್ತದೆ. ಅದನ್ನು ಮೇಲಿನ ವೀಟೋದ ‘ಗ’ಕ್ಕೆ ಜೋಡಿಸಿ. ಇಡೀ ದಿನ ಬಿಟ್ಟು, ವೀಟೋ ಎಷ್ಟು ಸಲ ಎದ್ದಿತೆಂದು ಬರೆಯಿರಿ. ಗ್ಯಾಸ್ ಒಲೆಯ ಲೈಟರ್ ಕೂಡ ಅದನ್ನು ಎಬ್ಬಿಸುತ್ತದೆ, ಪರೀಕ್ಷೆಗೆ ಅದೇ ಸಾಕು. ಏಪ್ರಿಲ್–ಮೇ ತಿಂಗಳ ಗುಡುಗು ಸಂಜೆಗಳಲ್ಲಿ ಮಾತ್ರ ವೀಟೋ ನೆಚ್ಚಿಕೊಳ್ಳದೆ ಪ್ಲಗ್ ಕಿತ್ತಿಡಿ.

ದಕ್ಷತೆ

ಮೂರನೆಯ ತಟ್ಟೆಯನ್ನು ಎರಡರ ನಡುವೆ ಇಡಿ, ಹೊರಗಿನವು 20 ಸೆಂ.ಮೀ. ದೂರ. ಮೇಲಿನ ಚೌಕದ ಒಂದು ಬಿಂದುವಿನಿಂದ ಕೆಳಗಿನ ಚೌಕದ ಒಂದು ಬಿಂದುವಿಗೆ ಎಳೆದ ಯಾವ ಗೆರೆಯೂ ನಡುವಿನ ಅದೇ ಅಳತೆಯ ಚೌಕವನ್ನು ತಪ್ಪಿಸಲಾರದು. ಹೀಗಾಗಿ ಹೊರಗಿನ ಜೋಡಿ ಮಿನುಗಿದಾಗ ನಡುವಿನದೂ ಮಿನುಗಲೇಬೇಕು. ಮೂರೂ ಮಿನುಗಿದ ಎಣಿಕೆಯನ್ನು ಹೊರಜೋಡಿಯ ಎಣಿಕೆಯಿಂದ ಭಾಗಿಸಿದರೆ ನಡುವಿನ ತಟ್ಟೆಯ ದಕ್ಷತೆ. ನಿಮಿಷಕ್ಕೆ 8ರಂತೆ 10,000 ಸೇರಲು ಸುಮಾರು 21 ಗಂಟೆ ಬೇಕು. ದಕ್ಷತೆ 0.95 ಬಂದರೆ ಅನಿಶ್ಚಿತತೆ 0.002. ನಡುವಿನದು ಒಂದೆರಡು ಮಿ.ಮೀ. ಜಾರಿದ್ದರೂ ಶೇ. 1ರಷ್ಟು ಸುಳ್ಳು ನಷ್ಟ ತೋರಿಸಬಹುದು, ಮೂಲೆಗಳಿಗೆ ಮರದ ಪಟ್ಟಿ ಹೊಡೆದು ಬಿಗಿಮಾಡಿ. ಮೂರನ್ನೂ ಸರದಿಯಲ್ಲಿ ನಡುವೆ ತನ್ನಿ. 0.9ಕ್ಕಿಂತ ಕೆಳಗಿದ್ದ ತಟ್ಟೆಯನ್ನು ಬಿಚ್ಚಿ ನೋಡಿ, ಗ್ರೀಸಿನಲ್ಲಿ ಗುಳ್ಳೆ ಸಿಗುತ್ತದೆ.

ಮಳೆಯ ದಿನ

ಈ ಪರೀಕ್ಷೆಗೆ ಮಲೆನಾಡಿನಷ್ಟು ಒಳ್ಳೆಯ ಜಾಗವಿಲ್ಲ. ಬಿಡಿ ಎಣಿಕೆ, ಜೋಡಿ ಎಣಿಕೆ ಎರಡನ್ನೂ ನಿಮಿಷಕ್ಕೊಮ್ಮೆ ದಾಖಲಿಸುತ್ತಾ ಮಳೆಗೆ ಕಾಯಿರಿ. ಒಣ ಹವೆಯ ನಂತರದ ಮೊದಲ ಜೋರು ಮಳೆಗೆ ಬಿಡಿ ಎಣಿಕೆ ಏರುತ್ತದೆ, ಮಳೆ ನಿಂತ ಒಂದೆರಡು ಗಂಟೆಯಲ್ಲಿ ಮೊದಲಿನಂತಾಗುತ್ತದೆ. ನೆಲದಿಂದ ಹೊರಟ ರೇಡಾನ್ ಅನಿಲದ ಮರಿಗಳಾದ ಸೀಸ-214, ಬಿಸ್ಮತ್-214 ಗಾಳಿಯ ಧೂಳಿಗೆ ಅಂಟಿರುತ್ತವೆ, ಮಳೆ ಅವನ್ನು ತೊಳೆದು ಅಂಗಳಕ್ಕೆ ಇಳಿಸುತ್ತದೆ. ಅವುಗಳ ಅರ್ಧಾಯುಷ್ಯ ಕ್ರಮವಾಗಿ ಸುಮಾರು 27 ಮತ್ತು 20 ನಿಮಿಷ, ಆದ್ದರಿಂದಲೇ ಆ ಇಳಿಕೆಗೆ ಅಷ್ಟು ಹೊತ್ತು. ಆ ಹೊತ್ತಿನಲ್ಲಿ ಜೋಡಿ ಎಣಿಕೆ ಕದಲಬಾರದು. ಅದೂ ಏರಿದರೆ, ಅಥವಾ ಮಳೆ ನಿಂತು ಅರ್ಧ ದಿನವಾದರೂ ಬಿಡಿ ಎಣಿಕೆ ಇಳಿಯದಿದ್ದರೆ, ರೇಡಾನ್ ಅಲ್ಲ, ಡಬ್ಬಿಯೊಳಗೆ ತೇವ ಸೇರಿದೆ. 10 ಕಿಲೋಓಮ್ ಮೇಲಿನ ಮಿಲಿವೋಲ್ಟ್ ನೋಡಿದರೆ ಖಚಿತವಾಗುತ್ತದೆ.

ಘಟ್ಟ ಹತ್ತಿ ಇಳಿಯುವುದು

ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್, ಕೊಡಚಾದ್ರಿ 1,343. ಮೇಲೆ ವಾಯುಭಾರ ಸುಮಾರು 80 ಹೆಕ್ಟೋಪಾಸ್ಕಲ್ ಕಡಿಮೆ. ಮ್ಯೂಯಾನ್ ಎಣಿಕೆ ಪ್ರತಿ ಹೆಕ್ಟೋಪಾಸ್ಕಲ್‌ಗೆ ಶೇ. 0.1ರಿಂದ 0.2ರಷ್ಟು ಬದಲಾಗುವುದರಿಂದ ತುದಿಯಲ್ಲಿ ಶೇ. 10–15 ಹೆಚ್ಚಳ ನಿರೀಕ್ಷಿಸಬಹುದು. ಆಗುಂಬೆಗೆ ಹೋಗಿ ಅಳೆದರೆ ಪ್ರಯೋಜನವಿಲ್ಲ, ಅದು ಸುಮಾರು 640 ಮೀಟರ್, ಶಿವಮೊಗ್ಗಕ್ಕಿಂತ ಹೆಚ್ಚೇನೂ ಎತ್ತರವಿಲ್ಲ. ಅದೇ ಕೊಡಚಾದ್ರಿಯಿಂದ ಕುಂದಾಪುರದ ಕಡಲದಂಡೆಗೆ ಇಳಿದರೆ 1,300 ಮೀಟರ್‌ಗೂ ಮಿಕ್ಕಿದ ಎತ್ತರದ ವ್ಯತ್ಯಾಸ ಒಂದೇ ದಿನದ ಪ್ರಯಾಣದಲ್ಲಿ ಸಿಗುತ್ತದೆ.

ತಟ್ಟೆಗಳ ಅಂತರ 5 ಸೆಂ.ಮೀ.ಗೆ ಇಳಿಸಿ, ನಿಮಿಷಕ್ಕೆ 30ರ ಮೇಲೆ ಜೋಡಿ ಸಿಗುತ್ತದೆ. ಪ್ರತಿ ಜಾಗದಲ್ಲಿ ನಾಲ್ಕು ಗಂಟೆ: ಸುಮಾರು 7,500 ಎಣಿಕೆ, ವರ್ಗಮೂಲ 87, ಅಂದರೆ ಶೇ. 1.2. ಎರಡು ಜಾಗದ ವ್ಯತ್ಯಾಸಕ್ಕೆ ಶೇ. 1.6ರ ಅನಿಶ್ಚಿತತೆ. ಶೇ. 10ರ ಏರಿಕೆಯನ್ನು ಕಾಣಲು ಇದು ಧಾರಾಳ. ಜೀಪಿನ ಕುಲುಕಾಟಕ್ಕೆ ಗ್ರೀಸ್ ಜಾರುತ್ತದೆ, ಸೆನ್ಸರನ್ನು ಸ್ಪ್ರಿಂಗ್ ಕ್ಲಿಪ್ಪಿನಿಂದ ಒತ್ತಿ ಹಿಡಿಸಿ, ಅಥವಾ ಗ್ರೀಸ್ ಬದಲು ಸಿಲಿಕೋನ್ ಪ್ಯಾಡ್ ಹಾಕಿ. ಬ್ಯಾಟರಿಯ ಮೇಲೆ ಓಡಿಸಿ. ಎಲ್ಲ ಜಾಗದಲ್ಲೂ ತೆರೆದ ಆಕಾಶದಡಿ ಅಥವಾ ಒಂದೇ ಟಾರ್ಪಾಲಿನಡಿ ಇಡಿ, ಊರಿನಲ್ಲಿ ಸ್ಲ್ಯಾಬ್ ಕೆಳಗೆ, ಬೆಟ್ಟದಲ್ಲಿ ಬಯಲಲ್ಲಿ ಇಟ್ಟು ಹೋಲಿಸಬೇಡಿ. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮದೊಳಗಿದೆ, ಉಪಕರಣ ಹೊತ್ತು ಹೊರಡುವ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಮಳೆಗಾಲದಲ್ಲಿ ಜೀಪ್ ರಸ್ತೆಯ ಭರವಸೆಯಿಲ್ಲ, ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯದು.

ಇಳಿದು ಬಂದ ಮೇಲೆ ಶಿವಮೊಗ್ಗದಲ್ಲಿ ಮತ್ತೊಮ್ಮೆ ನಾಲ್ಕು ಗಂಟೆ ಓಡಿಸಿ. ಹೊರಡುವ ಮೊದಲಿನ ಎಣಿಕೆಗೂ ಇದಕ್ಕೂ ಶೇ. 3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ದಾರಿಯಲ್ಲಿ ಏನೋ ಸಡಿಲವಾಗಿದೆ. ಮೊದಲು ದಕ್ಷತೆಯನ್ನು ಮತ್ತೆ ಅಳೆಯಿರಿ, ಬೆಟ್ಟದ ಅಂಕಿಗಳನ್ನು ಆಮೇಲೆ ನೋಡಿದರಾಯಿತು.